ನಾಯಿ ಕಚ್ಚಿದ್ದಕ್ಕೆ ಗಾಯದೊಳಗೆ ಒಂದು, ತೋಳಿಗೆ ಇನ್ನೊಂದು: ಎರಡೂ ಯಾಕೆ?

ಸುಮಾ_ತಿಪಟೂರು
ಈ ಭಾನುವಾರ ಅಕ್ಕನ ಮಗನಿಗೆ ಬೀದಿ ನಾಯಿ ಕಚ್ಚಿತು. ಆರು ವರ್ಷದವನು, 20 ಕೆಜಿ ಇದ್ದಾನೆ. ಮೀನಖಂಡದಲ್ಲಿ ಎರಡು ಹಲ್ಲು ನೆಟ್ಟಿತ್ತು, ರಕ್ತ ಬಂದಿತ್ತು. ನಲ್ಲಿ ಕೆಳಗೆ ಕಾಲಿಟ್ಟು ಬಟ್ಟೆ ಸೋಪಿನಲ್ಲಿ ತೊಳೆದೆವು. ಅಜ್ಜಿ ಅರಿಶಿನ ಸುಣ್ಣ ಕಲಸಿಕೊಂಡು ಬಂದಿದ್ದರು, ಹಚ್ಚಲು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಎರಡೂ ತೋಳಿಗೆ ಚಿಕ್ಕದಾಗಿ ರೇಬೀಸ್ (ಹುಚ್ಚುನಾಯಿ ರೋಗ) ಲಸಿಕೆ ಹಾಕಿದರು, ಅವನು ಅಳಲಿಲ್ಲ. ಆಮೇಲೆ ಫ್ರಿಜ್‌ನಿಂದ ಇನ್ನೊಂದು ಸೀಸೆ ತೆಗೆದರು. ಅದನ್ನು ಗಾಯದ ಒಳಗೇ, ಸುತ್ತಲೂ ನಾಲ್ಕೈದು ಕಡೆ ಚುಚ್ಚಿದರು. ನಾನೇ ಕಾಲು ಅದುಮಿ ಹಿಡಿದಿದ್ದೆ. ಅವನ ಕಿರುಚಾಟ ಇನ್ನೂ ಕಿವಿಯಲ್ಲಿದೆ. "ಇದು ಲಸಿಕೆ ಅಲ್ಲಮ್ಮ, ಆಂಟಿಬಾಡಿ. ವೈರಸ್ಸಿಗೆ ಅಂಟಿಕೊಂಡು ತಡೆಯುವ ಪ್ರೋಟೀನ್" ಎಂದರು ಸಿಸ್ಟರ್.

ಚೀಟಿಯಲ್ಲಿ ಮಾನೋಕ್ಲೋನಲ್ ಅಂತ ಬರೆದಿದೆ, 66 ಯೂನಿಟ್ ಚಿಲ್ಲರೆ. ಪಕ್ಕದ ಮನೆ ಹುಡುಗನಿಗೆ ಹೋದ ವರ್ಷ ಬೇರೆ ಕಡೆ ಇಷ್ಟೇ ತೂಕಕ್ಕೆ 800 ಯೂನಿಟ್ ಕೊಟ್ಟಿದ್ದರಂತೆ. ನಮಗೆ ಕಡಿಮೆ ಹಾಕಿ ಕಳಿಸಿದರಾ? ಲಸಿಕೆ ಹಾಕಿದ ಮೇಲೆ ದೇಹವೇ ಆಂಟಿಬಾಡಿ ಮಾಡಿಕೊಳ್ಳುತ್ತದೆ ಅಲ್ವಾ, ಮತ್ತೆ ಇದ್ಯಾಕೆ?

ಬಯಲುಸೀಮೆ_ಬಸು
ಸೋಪಿನಲ್ಲಿ ತೊಳೆದಿರಲ್ಲ, ಅಲ್ಲೇ ಅರ್ಧ ಗೆದ್ದಿರಿ. 15 ನಿಮಿಷ ತೊಳೆದಿರಾ?

ಸುಮಾ_ತಿಪಟೂರು
ಐದು ನಿಮಿಷ ಇರಬಹುದು ಅಣ್ಣ. ಯಾರಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಮತ್ತೆ ತೊಳೆದರು.

ನಿವೃತ್ತ_ಮೇಷ್ಟ್ರು
ನಾಲ್ಕೈದು ಚುಚ್ಚಿಗೇ ಹೀಗೆ ಅಂದರೆ ನಮ್ಮ ಕಾಲದ ಕಥೆ ಕೇಳಿ. 1971ರಲ್ಲಿ ನನಗೆ ಹೊಕ್ಕುಳ ಸುತ್ತ 14 ಇಂಜೆಕ್ಷನ್. ದಿನಾ ಬೆಳಿಗ್ಗೆ ಅಪ್ಪನ ಸೈಕಲ್ ಹಿಂದೆ ಕೂತು ಹೋಗುವುದು. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗುತ್ತಿತ್ತು. ಅದು ಕುರಿಯ ಮಿದುಳಿನಿಂದ ಮಾಡಿದ ಔಷಧಿ ಅಂತ ದೊಡ್ಡವನಾದ ಮೇಲೆ ಗೊತ್ತಾಯಿತು.

ಲ್ಯಾಬ್_ಮಂಜು
ಮೇಷ್ಟ್ರೇ, ಅದು ಸೆಂಪಲ್ ಲಸಿಕೆ. ಹಿಮಾಚಲದ ಕಸೌಲಿಯಲ್ಲಿ ಹುಟ್ಟಿದ್ದು. ಮಿದುಳಿನ ಅಂಶ ಅದರಲ್ಲೇ ಇರುತ್ತಿದ್ದುದರಿಂದ ಕೆಲವರಿಗೆ ಲಸಿಕೆಯಿಂದಲೇ ಲಕ್ವ ಹೊಡೆಯುತ್ತಿತ್ತು. ನಮ್ಮ ದೇಶದಲ್ಲಿ 2004ರ ಕೊನೆಯವರೆಗೂ ತಯಾರಾಗುತ್ತಿತ್ತು.

ಸುಮಾ ಅವರೇ, ನಿಮಗೆ ಯಾರೂ ಮೋಸ ಮಾಡಿಲ್ಲ. ಲಸಿಕೆ ಹಾಕಿದ ಮೇಲೆ ದೇಹ ಸ್ವಂತ ಆಂಟಿಬಾಡಿ ಮಾಡಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಗಾಯದಲ್ಲಿರುವ ವೈರಸ್ ನರಕ್ಕೆ ಹತ್ತಿಬಿಟ್ಟರೆ ಮುಗಿಯಿತು. ಆ ನಡುವಿನ ದಿನಗಳಿಗೆ ರೆಡಿಮೇಡ್ ಆಂಟಿಬಾಡಿ. ವೈರಸ್ ಇರುವುದು ಗಾಯದಲ್ಲಿ, ಅದಕ್ಕೇ ಅಲ್ಲೇ ಚುಚ್ಚುವುದು.

ಇನ್ನು ಲೆಕ್ಕ. ಪಕ್ಕದ ಮನೆ ಹುಡುಗನಿಗೆ ಕೊಟ್ಟದ್ದು ಕುದುರೆ ಸೀರಂ ಇರಬೇಕು. ಕೆಜಿಗೆ 40 ಯೂನಿಟ್, 20 ಕೆಜಿಗೆ 800. ಕುದುರೆಗೆ ಲಸಿಕೆ ಹಾಕಿ, ಅದರ ರಕ್ತದಿಂದ ಆಂಟಿಬಾಡಿ ತೆಗೆಯುತ್ತಾರೆ. ಅದರಲ್ಲಿ ರೇಬೀಸ್‌ಗೆ ಸಂಬಂಧವೇ ಇಲ್ಲದ ಆಂಟಿಬಾಡಿಗಳೂ ತುಂಬಾ ಇರುತ್ತವೆ. ನಿಮ್ಮ ಹುಡುಗನಿಗೆ ಕೊಟ್ಟದ್ದರಲ್ಲಿ ಇರುವುದು ಒಂದೇ ಆಂಟಿಬಾಡಿ, ಅದೂ ಮನುಷ್ಯರ ಆಂಟಿಬಾಡಿ. ಕಾರ್ಖಾನೆಯಲ್ಲಿ ಜೀವಕೋಶ ಬೆಳೆಸಿ ಮಾಡುತ್ತಾರೆ. ಹೀಗೆ ಒಂದೇ ಅಚ್ಚಿನಲ್ಲಿ ತಯಾರಾಗುವ ಆಂಟಿಬಾಡಿಗೇ ಮಾನೋಕ್ಲೋನಲ್ ಅನ್ನುವುದು. ಕೆಜಿಗೆ 3.33 ಯೂನಿಟ್. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಅಮೆರಿಕದ ಮಾಸ್‌ಬಯಾಲಜಿಕ್ಸ್ ಜೊತೆ ಸೇರಿ ಮಾಡಿದ್ದು. ರೇಬೀಸ್‌ಗೆ ಇಂಥ ಮಾನೋಕ್ಲೋನಲ್ ಮೊದಲು ಮಾರುಕಟ್ಟೆಗೆ ಬಂದಿದ್ದೇ ಇಂಡಿಯಾದಲ್ಲಿ.

ಪ್ರಶ್ನೆ_ಪರಮೇಶಿ
ಒಂದು ನಿಮಿಷ. ಯೂನಿಟ್ ಅಂದರೆ ವೈರಸ್ ತಡೆಯುವ ಬಲ ತಾನೇ? ಗ್ರಾಂ ಅಲ್ಲವಲ್ಲ. ಹಾಗಾದರೆ ಶುದ್ಧ ಇದ್ದರೂ ಬಲ 66 ಅಷ್ಟೇ. 800ಕ್ಕೂ 66ಕ್ಕೂ ಸಮ ಹೇಗಾಗುತ್ತದೆ? ಮಾತು ತೇಲಿಸಬೇಡಿ.

ಲ್ಯಾಬ್_ಮಂಜು
ಸರಿಯಾಗಿ ಹಿಡಿದಿರಿ, ನಾನು ಅರ್ಧ ಹೇಳಿ ಬಿಟ್ಟೆ. 3.33 ಅನ್ನುವುದು ಪ್ರಯೋಗ ಮಾಡಿ ನಿಗದಿ ಮಾಡಿದ ಅಳತೆ. ಲಸಿಕೆ ಜೊತೆ ಇದನ್ನು ಪಡೆದವರ ರಕ್ತವನ್ನು 14ನೇ ದಿನ ನೋಡಿದರು. ಮನುಷ್ಯರ ರಕ್ತದಿಂದ ತೆಗೆದ ಇಮ್ಯುನೊಗ್ಲೋಬ್ಯುಲಿನ್ (ಆಂಟಿಬಾಡಿಗಳ ಮಿಶ್ರಣ) ಪಡೆದವರಿಗಿಂತ ವೈರಸ್ ತಡೆಯುವ ಶಕ್ತಿ ಇವರಲ್ಲಿ ಕಡಿಮೆ ಇರಲಿಲ್ಲ. ಒಂದು ಔಷಧಿಯ ಯೂನಿಟ್ ಹಿಡಿದು ಇನ್ನೊಂದರ ಯೂನಿಟ್ ಜೊತೆ ತೂಗಲು ಆಗುವುದಿಲ್ಲ. ಝೈಡಸ್ ಕಂಪನಿ 2019ರಲ್ಲಿ ತಂದ ಔಷಧಿಯೂ ಮಾನೋಕ್ಲೋನಲ್ಲೇ, ಎರಡು ಆಂಟಿಬಾಡಿ ಕೂಡಿಸಿದ್ದು. ಅದಕ್ಕೆ ಕೆಜಿಗೆ 40 ಯೂನಿಟ್.

ಪ್ರಶ್ನೆ_ಪರಮೇಶಿ
ಎರಡು ಯಾಕೆ ಕೂಡಿಸಿದರು?

ಲ್ಯಾಬ್_ಮಂಜು
ಒಂದೇ ಆಂಟಿಬಾಡಿ ಅಂದರೆ ವೈರಸ್ಸಿನ ಮೈಮೇಲೆ ಒಂದೇ ಜಾಗ ಹಿಡಿಯುತ್ತದೆ. ಆ ಜಾಗ ಬದಲಾದ ವೈರಸ್ ಬಂದರೆ ಜಾರಿಕೊಳ್ಳುತ್ತದೆ. ಎರಡು ಕಡೆ ಹಿಡಿದರೆ ತಪ್ಪಿಸಿಕೊಳ್ಳುವುದು ಕಷ್ಟ.

ಹೊಸಪೇಟೆ_ಹೈದ
ಇದೆಲ್ಲ ಬಿಡಿ, ಮೊದಲು ಬೀದಿ ನಾಯಿ ಹಿಡಿಸಲಿ. ವರ್ಷಕ್ಕೆ 20,000 ಜನ ಸಾಯುತ್ತಾರೆ ದೇಶದಲ್ಲಿ.

ಬಯಲುಸೀಮೆ_ಬಸು
ಅದು ಹಳೇ ಅಂದಾಜು. ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಪ್ರಕಾರ ಈಗ ವರ್ಷಕ್ಕೆ ಸುಮಾರು 5,700. ಅದೇನೂ ಕಡಿಮೆ ಅಲ್ಲ, ಆದರೆ ಲೆಕ್ಕ ಹೇಳುವಾಗ ಸರಿಯಾಗಿ ಹೇಳೋಣ.

ಹೊಸಪೇಟೆ_ಹೈದ
ಕಚ್ಚಿಸಿಕೊಂಡವನಿಗೆ 5,700 ಆದರೇನು 20,000 ಆದರೇನು.

ನಿರ್ವಾಹಕ
ನಾಯಿ ಹಿಡಿಯುವ ವಿಷಯಕ್ಕೆ ಬೇರೆ ಎಳೆ ಇದೆ, 400 ಉತ್ತರ ಆಗಿದೆ ಅಲ್ಲಿ. ಜಗಳ ಅಲ್ಲೇ ಆಡಿ.

ಸಿಸ್ಟರ್_ಶೋಭಾ
ನಾನು ಈ ಇಂಜೆಕ್ಷನ್ ದಿನಾ ಹಾಕುವವಳು. ಸುಮಾ, ನೀವು ಕಾಲು ಅದುಮಿ ಹಿಡಿದಿದ್ದು ಒಳ್ಳೆಯದಾಯಿತು. ಮಗು ಒದ್ದಾಡಿದರೆ ಔಷಧಿ ಗಾಯದೊಳಗೆ ಹೋಗುವುದಿಲ್ಲ, ನೆಲಕ್ಕೆ ಹೋಗುತ್ತದೆ. ಬೆರಳ ತುದಿಗೆ ಕಚ್ಚಿದ್ದರೆ ಇನ್ನೂ ಕಷ್ಟ, ಅಲ್ಲಿ ಜಾಗವೇ ಇರುವುದಿಲ್ಲ.

ಒಂದು ಮಾತು ಎಲ್ಲರಿಗೂ. ಎಷ್ಟೋ ಜನ "ಗಾಯಕ್ಕೆ ಬೇಡ, ತೋಳಿಗೆ ಮಾತ್ರ ಸಾಕು" ಅಂತ ಎದ್ದು ಹೋಗುತ್ತಾರೆ. ರಕ್ತ ಬಂದಿದ್ದರೆ ಎರಡೂ ಬೇಕು.

ಗಿರಿ_ಅರಸೀಕೆರೆ
ಮೇಡಂ, ನಮ್ಮ ಚಿಕ್ಕಪ್ಪನಿಗೆ ಕಚ್ಚಿ ಒಂಬತ್ತು ದಿನ ಆಗಿತ್ತು. ಏಳು ದಿನ ದಾಟಿದರೆ ಆಂಟಿಬಾಡಿ ಕೊಡಬಾರದು ಅಂತ ಯಾರೋ ಹೇಳಿದರು, ಬರೀ ಲಸಿಕೆ ಹಾಕಿಸಿಕೊಂಡು ಬಂದರು.

ಸಿಸ್ಟರ್_ಶೋಭಾ
ಇದು ದೊಡ್ಡ ತಪ್ಪು ತಿಳಿವಳಿಕೆ. ಏಳು ದಿನ ಎಣಿಸಬೇಕಾದದ್ದು ಕಚ್ಚಿದ ದಿನದಿಂದ ಅಲ್ಲ, ಮೊದಲ ಲಸಿಕೆಯ ದಿನದಿಂದ. ಲಸಿಕೆಯೇ ಹಾಕಿಸಿಕೊಂಡಿಲ್ಲ ಅಂದರೆ ತಡವಾಗಿ ಬಂದರೂ ಎರಡನ್ನೂ ಕೊಡುತ್ತಾರೆ. ಚಿಕ್ಕಪ್ಪ ಲಸಿಕೆ ಹಾಕಿಸಿಕೊಂಡು ಎಷ್ಟು ದಿನ ಆಯಿತು?

ಗಿರಿ_ಅರಸೀಕೆರೆ
ಮೂರು ದಿನ.

ಸಿಸ್ಟರ್_ಶೋಭಾ
ಹಾಗಾದರೆ ಇನ್ನೂ ಟೈಮ್ ಇದೆ. ಈಗಲೇ ಚೀಟಿ ಹಿಡಿದು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲಿ ಬರೆಯುತ್ತಾ ಕೂರಬೇಡಿ.

ಪ್ರಶ್ನೆ_ಪರಮೇಶಿ
ಏಳು ದಿನ ದಾಟಿದ ಮೇಲೆ ಕೊಟ್ಟರೆ ಏನಾಗುತ್ತದೆ? ಆಂಟಿಬಾಡಿ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ? ಡಬಲ್ ಡೋಸ್ ಕೊಟ್ಟುಬಿಡಿ, ಗಲಾಟೆಯೇ ಬೇಡ.

ಲ್ಯಾಬ್_ಮಂಜು
ಇಲ್ಲ ಸರ್, ಇಲ್ಲೇ ಇರುವುದು ಮಜಾ. ಏಳು ದಿನದ ಹೊತ್ತಿಗೆ ದೇಹವೇ ಸ್ವಂತ ಆಂಟಿಬಾಡಿ ಮಾಡಲು ಶುರು ಮಾಡಿರುತ್ತದೆ. ಹೊರಗಿನಿಂದ ಆಂಟಿಬಾಡಿ ಜಾಸ್ತಿ ಸುರಿದರೆ ಅದು ಲಸಿಕೆಯನ್ನೂ ಹಿಡಿದು ಮುಚ್ಚಿಬಿಡುತ್ತದೆ. ದೇಹಕ್ಕೆ ಪಾಠ ಕಲಿಯಲು ಏನೂ ಉಳಿಯುವುದಿಲ್ಲ. ಅದಕ್ಕೇ ತೂಕ ನೋಡಿ ಕೊಡುವುದು, ಅಳತೆ ಮೀರುವ ಹಾಗಿಲ್ಲ.

ಮಕ್ಕಳಿಗೆ ದಡಾರದ ಲಸಿಕೆ ಹುಟ್ಟಿದ ತಕ್ಷಣ ಹಾಕದೆ 9 ತಿಂಗಳಿಗೆ ಹಾಕುತ್ತಾರಲ್ಲ, ಅದಕ್ಕೂ ಇದೇ ಕಾರಣ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ಆಂಟಿಬಾಡಿ ಮೊದಲ ತಿಂಗಳುಗಳಲ್ಲಿ ಲಸಿಕೆಯನ್ನೇ ಕೆಲಸ ಮಾಡಲು ಬಿಡುವುದಿಲ್ಲ.

ಹಾಸನದ_ಅಮ್ಮ
ನನ್ನದು ನೆಗೆಟಿವ್ ಗುಂಪಿನ ರಕ್ತ. ಹೆರಿಗೆ ಆದ ಮೂರು ದಿನದೊಳಗೆ ಆಂಟಿ-ಡಿ ಅಂತ ಒಂದು ಇಂಜೆಕ್ಷನ್ ಹಾಕಿದ್ದರು. ಅದೂ ಇದೇ ಜಾತಿನಾ?

ಲ್ಯಾಬ್_ಮಂಜು
ಅದೇ ಅಕ್ಕ! ಎಷ್ಟು ಚೆನ್ನಾಗಿ ನೆನಪಿಸಿದಿರಿ. ಪಾಸಿಟಿವ್ ಗುಂಪಿನ ಮಗುವಿನ ರಕ್ತಕಣ ತಾಯಿಯ ಮೈ ಸೇರಿದಾಗ ತಾಯಿಯ ದೇಹ ಅದರ ವಿರುದ್ಧ ಆಂಟಿಬಾಡಿ ಮಾಡಲು ಕಲಿಯಬಾರದು. ಕಲಿತರೆ ಮುಂದಿನ ಮಗುವಿಗೆ ಅಪಾಯ. ಕಲಿಯದ ಹಾಗೆ ತಡೆಯಲು ಕೊಡುವುದೂ ಆಂಟಿಬಾಡಿಯೇ. ನಾಯಿ ಕಡಿತದಲ್ಲಿ ಯಾವುದು ತೊಂದರೆಯೋ ಇಲ್ಲಿ ಅದೇ ಔಷಧಿ.

ಕೋವಿಡ್ ಸಮಯದಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದವರು ಇನ್ನೊಂದು ವಿಷಯ ಕಂಡುಕೊಂಡರು. ಕೆಲವರಿಗೆ ಮೊದಲು ಎರಡು ಮಾನೋಕ್ಲೋನಲ್ ಆಂಟಿಬಾಡಿ ಕೊಟ್ಟು, ಆಮೇಲೆ ಎಂಆರ್‌ಎನ್‌ಎ ಲಸಿಕೆ ಹಾಕಿದ್ದರು. ಅವರ ದೇಹ ಲಸಿಕೆಗೆ ಉತ್ತರ ಕೊಟ್ಟಿತು, ಆದರೆ ವೈರಸ್ಸನ್ನು ನೆನಪಿಟ್ಟುಕೊಳ್ಳುವ ರಕ್ತಕೋಶಗಳು ತಯಾರಿಸಿದ ಆಂಟಿಬಾಡಿಗಳ ಗುರಿ ಬದಲಾಗಿತ್ತು. ಜಾತ್ರೆಯಲ್ಲಿ ಮುಂದಿನ ಸಾಲು ತುಂಬಿದ್ದರೆ ಪಕ್ಕಕ್ಕೆ ಸರಿದು ತೇರು ನೋಡುತ್ತೇವಲ್ಲ, ಹಾಗೆ. ಅಂದರೆ ಆಂಟಿಬಾಡಿ ಕೊಟ್ಟು ದೇಹದ ಗಮನವನ್ನು ಬೇರೆ ಕಡೆ ತಿರುಗಿಸಬಹುದು. ಇದನ್ನೇ ಲಸಿಕೆಯಲ್ಲಿ ಬಳಸಿಕೊಳ್ಳಬಹುದಾ ಅನ್ನುವುದು ಈಗಿನ ಪ್ರಶ್ನೆ.

ಡಬ್ಲಿನ್_ದೀಪಾ
ನಾನು ಐರ್ಲೆಂಡಿನಲ್ಲಿದ್ದೇನೆ. ನನ್ನ ಮಗಳು 2024ರ ಅಕ್ಟೋಬರ್‌ನಲ್ಲಿ ಹುಟ್ಟಿದಳು. ಮನೆಗೆ ಕಳಿಸುವ ಮೊದಲೇ ತೊಡೆಗೆ ಒಂದು ಇಂಜೆಕ್ಷನ್ ಹಾಕಿದರು, ಆರ್‌ಎಸ್‌ವಿ ಅನ್ನುವ, ಕೂಸುಗಳ ಶ್ವಾಸಕೋಶಕ್ಕೆ ತಗಲುವ ವೈರಸ್ ತಡೆಯಲು. ಬಾಣಂತನಕ್ಕೆ ಬಂದಿದ್ದ ಅಮ್ಮ "ಎರಡು ದಿನದ ಕೂಸಿಗೆ ಏನು ಲಸಿಕೆನೇ" ಅಂತ ರೇಗಿದರು. ಲಸಿಕೆ ಅಲ್ಲ, ಆಂಟಿಬಾಡಿ ಅಂತ ನರ್ಸ್ ಹೇಳಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಲು ನನಗೆ ಬರಲಿಲ್ಲ. "ಮೊಲೆಹಾಲಿನಲ್ಲಿ ಇರುತ್ತಲ್ಲ, ಆ ತರದ್ದು" ಅಂದೆ. ಒಂದೇ ಇಂಜೆಕ್ಷನ್ ಇಡೀ ಚಳಿಗಾಲಕ್ಕೆ ಸಾಕಂತೆ. ಅದು ಹೇಗೆ?

ಲ್ಯಾಬ್_ಮಂಜು
ಅದರ ಹೆಸರು ನಿರ್ಸೆವಿಮ್ಯಾಬ್. ನಾನು ಈ ಎಳೆಗೆ ಬಂದದ್ದೇ ಯಾರಾದರೂ ಇದನ್ನು ಕೇಳಲಿ ಅಂತ! ಉದ್ದ ಆಗುತ್ತದೆ, ಕ್ಷಮಿಸಿ.

ಮೊದಲು ಇದ್ದದ್ದು ಪಾಲಿವಿಜುಮ್ಯಾಬ್, 1998ರದ್ದು. ಸೀಸನ್ ಪೂರ್ತಿ ತಿಂಗಳಿಗೊಂದು ಚುಚ್ಚಬೇಕು. ಯಾಕೆಂದರೆ ಮಾಮೂಲಿ ಆಂಟಿಬಾಡಿ ಸುಮಾರು 3 ವಾರದಲ್ಲಿ ಅರ್ಧ ಖಾಲಿಯಾಗುತ್ತದೆ. ನಮ್ಮ ಜೀವಕೋಶಗಳು ರಕ್ತದಲ್ಲಿರುವ ಪ್ರೋಟೀನುಗಳನ್ನು ನುಂಗಿ ಅರೆದು ಹಾಕುತ್ತಲೇ ಇರುತ್ತವೆ. ಆದರೆ ನುಂಗಿದ ಆ ಚಿಕ್ಕ ಚೀಲ ಹುಳಿಯಾದಾಗ ಅಲ್ಲೊಂದು ಕೊಂಡಿ ಆಂಟಿಬಾಡಿಯ ಬಾಲ ಹಿಡಿದು ಮತ್ತೆ ರಕ್ತಕ್ಕೆ ಬಿಡುತ್ತದೆ. ನಿರ್ಸೆವಿಮ್ಯಾಬ್‌ನಲ್ಲಿ ಆ ಬಾಲದ ಮೂರೇ ಮೂರು ಅಮೈನೋ ಆಮ್ಲ ಬದಲಿಸಿದ್ದಾರೆ. ಕೊಂಡಿಗೆ ಹಿಡಿತ ಸಿಗುತ್ತದೆ, ಜಾಸ್ತಿ ಆಂಟಿಬಾಡಿ ವಾಪಸ್ ಬರುತ್ತದೆ. ಅರ್ಧ ಆಗಲು ಸುಮಾರು 70 ದಿನ ಬೇಕು. ಅದಕ್ಕೇ ಒಂದೇ ಚುಚ್ಚು ಸಾಕು.

ಆದರೆ ನನಗೆ ಇಷ್ಟ ಇದಲ್ಲ. ಈ ಆಂಟಿಬಾಡಿಯ ಮೂಲ ಡಿ25 ಅಂತ, ಆಮ್‌ಸ್ಟರ್‌ಡ್ಯಾಮಿನವರು ಮನುಷ್ಯರ ರಕ್ತಕೋಶದಿಂದ ಹೆಕ್ಕಿದ್ದು. ಅದೇ ಡಿ25 ಲಸಿಕೆಗೂ ದಾರಿ ತೋರಿಸಿತು.

1966ರಲ್ಲಿ ಅಮೆರಿಕದಲ್ಲಿ ಆರ್‌ಎಸ್‌ವಿ ಲಸಿಕೆಯ ಪ್ರಯೋಗ ಮಾಡಿದ್ದರು. ವೈರಸ್ಸನ್ನು ಫಾರ್ಮಾಲಿನ್ ಅನ್ನುವ ಕೆಮಿಕಲ್‌ನಲ್ಲಿ ಸಾಯಿಸಿ ಕೂಸುಗಳಿಗೆ ಕೊಟ್ಟರು. ಆಮೇಲೆ ನಿಜವಾದ ಸೋಂಕು ತಗುಲಿದಾಗ, ಒಂದು ಪ್ರಯೋಗದಲ್ಲಿ ಲಸಿಕೆ ಪಡೆದವರಲ್ಲಿ 80% ಮಕ್ಕಳು ಆಸ್ಪತ್ರೆ ಸೇರಿದರು. ಪಡೆಯದವರಲ್ಲಿ 5% ಮಾತ್ರ. ಎರಡು ಮಕ್ಕಳು ತೀರಿಕೊಂಡವು. ಅದಾದ ಮೇಲೆ ದಶಕಗಳ ಕಾಲ ಈ ವೈರಸ್ಸಿಗೆ ಲಸಿಕೆ ಮಾಡಲು ಎಲ್ಲರಿಗೂ ಭಯ.

ಹಾಸನದ_ಅಮ್ಮ
ಅಯ್ಯೋ. ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು.

ಸೊರಬದ_ಸತೀಶ
ಫಾರ್ಮಾಲಿನ್? ನಮ್ಮ ಕಡೆ ಮಂಗನ ಕಾಯಿಲೆಗೆ ಹಾಕುತ್ತಿದ್ದದ್ದೂ ಫಾರ್ಮಾಲಿನ್ ಲಸಿಕೆಯೇ ಮಾರಾಯ್ರೆ. ನಾನು ಮೂರು ಸಲ ಹಾಕಿಸಿಕೊಂಡಿದ್ದೇನೆ, ತೋಳು ಎರಡು ದಿನ ಎತ್ತಲು ಆಗುತ್ತಿರಲಿಲ್ಲ. ನಮಗೂ ಹಾಗೇ ಆಗುತ್ತಿತ್ತಾ?

ಪ್ರಶ್ನೆ_ಪರಮೇಶಿ
ನೋಡಿ, ಇದನ್ನೇ ನಾನು ಹೇಳುವುದು. ಕೆಮಿಕಲ್ ಹಾಕಿದ ಲಸಿಕೆ ಎಲ್ಲ ಡೇಂಜರ್.

ಲ್ಯಾಬ್_ಮಂಜು
ಪರಮೇಶಣ್ಣ, ಅಷ್ಟು ಬೇಗ ಜಿಗಿಯಬೇಡಿ. ಮಕ್ಕಳಿಗೆ ಈಗಲೂ ಹಾಕುವ ಪೋಲಿಯೊ ಇಂಜೆಕ್ಷನ್ ಕೂಡ ಫಾರ್ಮಾಲಿನ್‌ನಿಂದ ಸಾಯಿಸಿದ ವೈರಸ್ಸೇ. 1955ರಿಂದ ಇದೆ. ಸತೀಶ್, ಮಂಗನ ಕಾಯಿಲೆ ಲಸಿಕೆಗೆ ಇದ್ದ ತೊಂದರೆ ಬೇರೆ. ಅದರ ಕಸುವು ಕಡಿಮೆ, ಅದಕ್ಕೇ ಬೂಸ್ಟರ್ ಮೇಲೆ ಬೂಸ್ಟರ್. ಈಗ ಅದನ್ನು ನಿಲ್ಲಿಸಿದ್ದಾರೆ, ಹೊಸದು ತಯಾರಾಗುತ್ತಿದೆ.

ಆರ್‌ಎಸ್‌ವಿಯಲ್ಲಿ ಕೈಕೊಟ್ಟದ್ದು ಆಕಾರ. ವೈರಸ್ಸಿನ ಮೈಮೇಲೆ ಎಫ್ ಅನ್ನುವ ಪ್ರೋಟೀನ್ ಇದೆ. ಅದು ಎಳೆದು ಸಿಕ್ಕಿಸಿದ ಇಲಿಬೋನಿನ ಹಾಗೆ. ಜೀವಕೋಶಕ್ಕೆ ತಾಗಿದಾಗ ಫಟ್ ಅಂತ ಸಿಡಿದು ಒಳಗೆ ದಾರಿ ಮಾಡುತ್ತದೆ. ಸಿಡಿದ ಮೇಲೆ ಆಕಾರವೇ ಬೇರೆ. ಫಾರ್ಮಾಲಿನ್ ಲಸಿಕೆಯಲ್ಲಿ ಇದ್ದದ್ದು ಹೆಚ್ಚು ಕಡಿಮೆ ಪೂರ್ತಿ ಸಿಡಿದ ಬೋನು. ಮಕ್ಕಳ ದೇಹ ಅದನ್ನು ನೋಡಿ ಕಲಿಯಿತು. ನಿಜವಾದ ವೈರಸ್ ಬಂದಾಗ ಆ ಆಂಟಿಬಾಡಿ ಅಂಟಿಕೊಂಡಿತು, ತಡೆಯಲಿಲ್ಲ. ಬರೀ ಉರಿಯೂತ ಜಾಸ್ತಿ ಮಾಡಿತು. ಇದೊಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣ ಇದೇ.

ಸಿಡಿಯದ ಬೋನನ್ನು ಹಿಡಿದು ನೋಡುವುದೇ ಕಷ್ಟವಾಗಿತ್ತು, ಮುಟ್ಟಿದರೆ ಸಿಡಿಯುತ್ತಿತ್ತು. ಡಿ25 ಅಂಟುವುದು ಸಿಡಿಯದ ರೂಪಕ್ಕೆ ಮಾತ್ರ. 2013ರಲ್ಲಿ ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ಮತ್ತು ಜೊತೆಗಾರರು ಡಿ25 ಅಂಟಿಸಿ ಅದು ಸಿಡಿಯದಂತೆ ಹಿಡಿದರು, ಎಕ್ಸ್-ರೇ ಹಾಯಿಸಿ ಆಕಾರ ನೋಡಿದರು. ಬೋನಿನ ತುದಿಯಲ್ಲಿ ಅಲ್ಲಿಯವರೆಗೆ ಯಾರೂ ನೋಡಿರದ ಜಾಗ ಸಿಕ್ಕಿತು. ಅದೇ ವರ್ಷ ಆಂಟಿಬಾಡಿ ಇಲ್ಲದೆಯೂ ಪ್ರೋಟೀನ್ ಅದೇ ಆಕಾರದಲ್ಲಿ ನಿಲ್ಲುವಂತೆ ಮಾಡಿದರು. ಒಳಗೊಂದು ಗಂಧಕದ ಹೊಲಿಗೆ, ಟೊಳ್ಳಿದ್ದ ಕಡೆ ದಪ್ಪ ಅಮೈನೋ ಆಮ್ಲ. 2023ರಲ್ಲಿ ಬಂದ ಜಿಎಸ್‌ಕೆ, ಫೈಜರ್ ಲಸಿಕೆಗಳು ಎರಡೂ ಹೀಗೆ ಸಿಡಿಯದಂತೆ ಹೊಲಿದ ಎಫ್ ಪ್ರೋಟೀನೇ.

ಡಬ್ಲಿನ್_ದೀಪಾ
ಅಂದರೆ ನನ್ನ ಮಗಳ ತೊಡೆಗೆ ಚುಚ್ಚಿದ್ದೂ, ಬಸುರಿಯರಿಗೆ ಹಾಕುವ ಲಸಿಕೆಯೂ ಒಂದೇ ಆಂಟಿಬಾಡಿಯಿಂದ ಶುರುವಾದದ್ದಾ?

ಲ್ಯಾಬ್_ಮಂಜು
ಹೌದು. ಒಂದರಲ್ಲಿ ಅದರ ಬಾಲ ತಿದ್ದಿ ಅದನ್ನೇ ಔಷಧಿ ಮಾಡಿದರು. ಇನ್ನೊಂದರಲ್ಲಿ ಅದು ಹಿಡಿದುಕೊಂಡಿದ್ದ ವಸ್ತುವಿನ ಅಚ್ಚು ತೆಗೆದು ಲಸಿಕೆ ಮಾಡಿದರು. ಮೊದಲು ಒಳ್ಳೆಯ ಆಂಟಿಬಾಡಿ ಹುಡುಕು, ಆಮೇಲೆ ಅದನ್ನು ಹುಟ್ಟಿಸುವ ಲಸಿಕೆ ಕಟ್ಟು. ಉಲ್ಟಾ ದಾರಿ.

ನಿವೃತ್ತ_ಮೇಷ್ಟ್ರು
ಬೀಗಕ್ಕೆ ಕೀಲಿ ಮಾಡಿಸುವುದು ಗೊತ್ತಿತ್ತು. ಇದು ಕೀಲಿ ನೋಡಿ ಬೀಗ ಮಾಡಿಸಿದ ಹಾಗಾಯಿತು.

ಪ್ರಶ್ನೆ_ಪರಮೇಶಿ
ಮೇಷ್ಟ್ರು ಹೇಳಿದ್ದು ಅರ್ಥ ಆಯಿತು, ಮಂಜು ಹೇಳಿದ್ದು ಅರ್ಧ ಆಯಿತು. ಇದೆಲ್ಲ ಅಮೆರಿಕ, ಡಬ್ಲಿನ್. ನಮ್ಮವರು ಏನು ಮಾಡಿದರು?

ಪ್ರೋಟೀನ್_ಪ್ರಿಯಾ
ನಾನು ಪಿಎಚ್‌ಡಿ ವಿದ್ಯಾರ್ಥಿ, ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ರಾಘವನ್ ವರದರಾಜನ್ ಅವರ ತಂಡ ಇದೇ ರೀತಿ ಪ್ರೋಟೀನ್ ತಿದ್ದುವ ಕೆಲಸ ಮಾಡುತ್ತದೆ, ಎಚ್‌ಐವಿ, ಫ್ಲೂ, ಕೋವಿಡ್ ಮೂರರಲ್ಲೂ. ಅವರ ಕೋವಿಡ್ ಲಸಿಕೆಯ ಪುಡಿ 37 ಡಿಗ್ರಿಯಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲಿ 90 ನಿಮಿಷ ಕೆಡದೆ ನಿಂತಿತ್ತು. ಕುದಿಯುವ ನೀರಿನ ಬಿಸಿ ಅದು! ನಮ್ಮ ಹಳ್ಳಿ ಉಪಕೇಂದ್ರದಲ್ಲಿ ಕರೆಂಟ್ ಹೋದಾಗ ಐಸ್ ಡಬ್ಬ ಹಿಡಿದು ಓಡುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಅದೇ ಕ್ಯಾಂಪಸ್ಸಿನಲ್ಲಿ ಕಾರ್ತಿಕ್ ಸುನಗರ್ ಅವರ ಲ್ಯಾಬ್ ಇದೆ. ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ ಜೊತೆ ಸೇರಿ ಹಾವಿನ ವಿಷಕ್ಕೆ ಮಾನವ ಆಂಟಿಬಾಡಿ ಮಾಡಿದ್ದಾರೆ, 2024ರಲ್ಲಿ ಪ್ರಕಟವಾಯಿತು. ನಾಗರ, ಕಟ್ಟುಹಾವು, ಆಫ್ರಿಕದ ಬ್ಲ್ಯಾಕ್ ಮಾಂಬಾಗಳಲ್ಲಿರುವ ಒಂದು ಬಗೆಯ ನರವಿಷವನ್ನು ಹಿಡಿಯುತ್ತದೆ. ಸದ್ಯಕ್ಕೆ ಇಲಿಗಳಲ್ಲಿ ಮಾತ್ರ.

ಸೊರಬದ_ಸತೀಶ
ಮಂಡಲದ ಹಾವಿಗೆ?

ಪ್ರೋಟೀನ್_ಪ್ರಿಯಾ
ಅದಕ್ಕೆ ಆಗುವುದಿಲ್ಲ. ಮಂಡಲದ ವಿಷ ಮುಖ್ಯವಾಗಿ ರಕ್ತ ಕೆಡಿಸುವ ಜಾತಿ. ಅದಕ್ಕೆ ಇನ್ನೂ ಕುದುರೆ ಸೀರಮ್ಮೇ ಗತಿ.

ಸೊರಬದ_ಸತೀಶ
ನಮ್ಮ ತೋಟದಲ್ಲಿ ಇರುವುದೇ ಮಂಡಲ. ಆಯಿತು, ಕಾಯೋಣ.

ಬಯಲುಸೀಮೆ_ಬಸು
ಎಚ್‌ಐವಿಗೆ ಈ ಉಲ್ಟಾ ದಾರಿ ಯಾಕೆ ನಡೆಯಲಿಲ್ಲ? 40 ವರ್ಷ ಆಯಿತು.

ಪ್ರೋಟೀನ್_ಪ್ರಿಯಾ
ಅಲ್ಲಿ ಒಳ್ಳೆಯ ಆಂಟಿಬಾಡಿ ಗೊತ್ತಿದೆ, ವಿಆರ್‌ಸಿ01 ತರದ್ದು. ಆದರೆ ದೇಹ ಅದನ್ನು ಮಾಡಲು ವರ್ಷಗಟ್ಟಲೆ ತಿದ್ದಿ ತಿದ್ದಿ ಬರೆಯಬೇಕು. ಆಂಟಿಬಾಡಿ ಮಾಡುವ ಕೋಶಗಳಲ್ಲಿ ಆ ದಾರಿ ಹಿಡಿಯಬಲ್ಲವು ತೀರಾ ಅಪರೂಪ. ಹಾಗಾಗಿ ಮೊದಲ ಚುಚ್ಚಿನ ಕೆಲಸ ಆ ಕೋಶವನ್ನು ಎಬ್ಬಿಸುವುದು ಅಷ್ಟೇ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 36 ಜನರಿಗೆ ಕೊಟ್ಟರೆ 35 ಜನರಲ್ಲಿ ಎದ್ದಿತು. ಎದ್ದ ಕೋಶವನ್ನು ಕೊನೆವರೆಗೆ ನಡೆಸಿಕೊಂಡು ಹೋಗಲು ಬೇರೆ ಬೇರೆ ಚುಚ್ಚು ಬೇಕು. ಅಲ್ಲೇ ಸಿಕ್ಕಿಕೊಂಡಿದ್ದೇವೆ.

ಗಿರಿ_ಅರಸೀಕೆರೆ
ಚಿಕ್ಕಪ್ಪನಿಗೆ ಹಾಕಿಸಿಕೊಂಡು ಬಂದೆವು. ಗಾಯ ಆಗಲೇ ಒಣಗಿತ್ತು, ಆದರೂ ಅಲ್ಲೇ ಸುತ್ತ ಹಾಕಿದರು. ಅಲ್ಲೂ ಡಾಕ್ಟರ್ "ಕಚ್ಚಿದ ದಿನ ಅಲ್ಲ, ಲಸಿಕೆ ದಿನ ಲೆಕ್ಕ" ಅಂದರು. ಶೋಭಾ ಮೇಡಂ, ಕೈ ಮುಗಿಯುತ್ತೇನೆ.

ಸಿಸ್ಟರ್_ಶೋಭಾ
ಉಳಿದ ಲಸಿಕೆ ತಪ್ಪಿಸಬೇಡಿ ಅಷ್ಟೇ.

ಸುಮಾ_ತಿಪಟೂರು
ನಾನು ಕೇಳಿದ್ದು 66 ಯೂನಿಟ್ ಬಗ್ಗೆ, ನೀವೆಲ್ಲ ಬ್ಲ್ಯಾಕ್ ಮಾಂಬಾ ತನಕ ಹೋಗಿ ಬಂದಿರಿ! ಅಕ್ಕನಿಗೆ ಓದಿ ಹೇಳಿದೆ, ಸಮಾಧಾನ ಆಯಿತು. ಹುಡುಗ ಕುಂಟುವ ನಾಟಕ ಮಾಡಿಕೊಂಡು ಎರಡು ದಿನ ಶಾಲೆ ತಪ್ಪಿಸಿದ.

ಕೊನೆಗೊಂದು. ಚೀಟಿಯಲ್ಲಿ 0, 3, 7, 28 ಅಂತ ಬರೆದಿದ್ದಾರೆ. 28ನೇ ದಿನ ಭಾನುವಾರ ಬೀಳುತ್ತದೆ. ಆವತ್ತು ಹಾಕುತ್ತಾರಾ?

ಸಿಸ್ಟರ್_ಶೋಭಾ
7ನೇ ದಿನವೂ ಭಾನುವಾರವೇ, ಅದನ್ನು ಮೊದಲು ನೋಡಿ. ಒಪಿಡಿ ಇರುವುದಿಲ್ಲ, ಆದರೆ ಸಾಮಾನ್ಯವಾಗಿ ತುರ್ತು ವಿಭಾಗದಲ್ಲಿ ಹಾಕುತ್ತಾರೆ. ಶನಿವಾರವೇ ಫೋನ್ ಮಾಡಿ ಕೇಳಿಕೊಳ್ಳಿ. ಚೀಟಿ ಮರೆಯಬೇಡಿ.